ಮೇಲ್ ಸರ್ವರಿನ ನೀರುಗಂಟಿ

ಚನ್ನಪಟ್ಟಣದ ಬೊಂಬೆಯ ಮೈ ಆಲೆ ಮರದ್ದು, ಬಣ್ಣ ಅರಗಿನದು. ಪರದೇಶದ ಅಂಗಡಿಗೆ ಬೊಂಬೆ ತಲುಪುವ ಮುಂಚೆ ಅದರ ಫೋಟೊ, ದರಪಟ್ಟಿ ತಲುಪಬೇಕು, ಅಲ್ಲಿಂದ ಆರ್ಡರ್ ಬರಬೇಕು. ಇದೆಲ್ಲ ಓಡಾಡುವುದು ಇಮೇಲಿನಲ್ಲಿ. ಕನಕಪುರದ ಗ್ರಾನೈಟ್ ವ್ಯಾಪಾರಿಗೂ ರಾಮನಗರದ ರೇಷ್ಮೆ ನೂಲಿನವರಿಗೂ ಹೀಗೆಯೇ. ಹೆಚ್ಚಿನವರು ಗೂಗಲ್ಲಿಗೋ ಮೈಕ್ರೋಸಾಫ್ಟಿಗೋ ಬಾಡಿಗೆ ಕಟ್ಟಿ ಸುಮ್ಮನಿರುತ್ತಾರೆ. ಬೊಂಬೆ ಕಾರ್ಖಾನೆಯೊಂದು ಹಾಗೆ ಮಾಡದೆ, ಹತ್ತಿಪ್ಪತ್ತು ವಿಳಾಸಕ್ಕೆ ತಲೆಗಿಷ್ಟು ಎಂದು ಯಾಕೆ ಕೊಡಬೇಕೆಂದು, 2 ಜಿಬಿ ಮೆಮೊರಿಯ ಪುಟ್ಟ ಲಿನಕ್ಸ್ ಸರ್ವರಿನಲ್ಲಿ ತನ್ನ ಅಂಚೆಯನ್ನು ತಾನೇ ನೋಡಿಕೊಳ್ಳುತ್ತಿದೆ ಎನ್ನಿ. ಪತ್ರ ತರುವ, ಕಳಿಸುವ ಕೆಲಸ ಪೋಸ್ಟ್‌ಫಿಕ್ಸ್‌ನದು. ಬಂದದ್ದನ್ನು ಪೆಟ್ಟಿಗೆಯಲ್ಲಿಟ್ಟು ಫೋನಿಗೆ ತೋರಿಸುವುದು ಡವ್‌ಕಾಟ್. ವೈರಸ್ ಇದೆಯೇ ಎಂದು ತಡಕಾಡುವುದು ಕ್ಲ್ಯಾಮ್‌ಎವಿ.

ತಿಂಗಳುಗಟ್ಟಲೆ ಎಲ್ಲ ಸರಿಯಾಗಿರುತ್ತದೆ. ಒಂದು ದಿನ ಮೇಲ್ ಬರುವುದು ನಿಲ್ಲುತ್ತದೆ. ಸರ್ವರನ್ನು ರೀಸ್ಟಾರ್ಟ್ ಮಾಡುತ್ತಾರೆ, ಸರಿಹೋಗುತ್ತದೆ. ಎರಡು ದಿನಕ್ಕೆ ಮತ್ತೆ ಅದೇ ಕಥೆ. ‘ಮೆಮೊರಿ ಸಾಲದು’ ಎಂಬ ಸಾಲು ಎಲ್ಲೋ ಕಣ್ಣಿಗೆ ಬಿದ್ದ ಕೂಡಲೇ ಇನ್ನಷ್ಟು ರ‍್ಯಾಮ್ ಕೊಳ್ಳುವ ಮಾತು ಶುರುವಾಗುತ್ತದೆ. ನನ್ನ ತಕರಾರು ಇಲ್ಲೇ. ಆ ಸಾಲನ್ನು ಬರೆದವರು ಯಾರು ಎಂದು ಮೊದಲು ಕೇಳಬೇಕು. ಒಂದೇ ದೂರನ್ನು ಮೇಲ್ ಸರ್ವರಿನಲ್ಲಿ ಬೇರೆಬೇರೆಯವರು ಬೇರೆಬೇರೆ ಕಾರಣಕ್ಕೆ ಕೊಡುತ್ತಾರೆ, ಒಬ್ಬರ ಔಷಧ ಇನ್ನೊಬ್ಬರಿಗೆ ನಾಟುವುದಿಲ್ಲ.

ಲಿನಕ್ಸಿನ ತಿರುಳಾದ ಕರ್ನಲ್ ಮೆಮೊರಿ ಹಂಚುವ ರೀತಿ ಹಳೇ ಮೈಸೂರು ಸೀಮೆಯ ಕೆರೆಯನ್ನು ನೆನಪಿಸುತ್ತದೆ. ಕೆರೆಯ ನೀರಿಗಿಂತ ಅಚ್ಚುಕಟ್ಟು ದೊಡ್ಡದು. ಎಲ್ಲರೂ ಒಂದೇ ದಿನ ನೀರು ಕೇಳುವುದಿಲ್ಲವಾದ್ದರಿಂದ ವ್ಯವಹಾರ ನಡೆದುಕೊಂಡು ಹೋಗುತ್ತದೆ. ಕರ್ನಲ್ ಕೂಡ ಕೇಳಿದ ಪ್ರೋಗ್ರಾಮಿಗೆಲ್ಲ ಹೂಂ ಎನ್ನುತ್ತದೆ. ಕೇಳಿಟ್ಟುಕೊಂಡ ಮೆಮೊರಿಯನ್ನೆಲ್ಲ ಯಾರೂ ಪೂರ್ತಿ ಬಳಸುವುದಿಲ್ಲ ಎಂಬ ಅಂದಾಜು ಅದರದು. ಎಲ್ಲರೂ ಒಟ್ಟಿಗೆ ತೂಬಿನ ಬಳಿ ಬಂದು ನಿಂತ ದಿನ ನೀರು ಹಂಚುವ ನೀರುಗಂಟಿ ಯಾರದಾದರೂ ಕಾಲುವೆ ಕಟ್ಟಲೇಬೇಕು. ಊರಿನ ನೀರುಗಂಟಿ ದೊಡ್ಡ ಹಿಡುವಳಿಯವನ ಕಾಲುವೆ ಕಟ್ಟಿದ್ದನ್ನು ಕಂಡವರು ಕಡಿಮೆ. ಕರ್ನಲ್ ಮಾತ್ರ ದೊಡ್ಡವನನ್ನೇ ಹುಡುಕಿ ಕೊಲ್ಲುತ್ತದೆ. ಕರ್ನಲ್‌ನಲ್ಲಿ ಈ ಕೆಲಸ ಮಾಡುವವನ ಹೆಸರು ಊಮ್ ಕಿಲ್ಲರ್. ಪ್ರತಿ ಪ್ರೋಗ್ರಾಮಿಗೂ ಅದು ಹಿಡಿದಿರುವ ಮೆಮೊರಿಗೆ ತಕ್ಕ ಅಂಕ ಕೊಟ್ಟು, ಹೆಚ್ಚು ಅಂಕದವನಿಗೆ 9ನೇ ಸಿಗ್ನಲ್ ಕಳಿಸುತ್ತದೆ. ಅದನ್ನು ತಡೆಯಲು, ತಪ್ಪಿಸಿಕೊಳ್ಳಲು ಯಾವ ಪ್ರೋಗ್ರಾಮಿಗೂ ಆಗದು.

ಪುಟ್ಟ ಮೇಲ್ ಸರ್ವರಿನಲ್ಲಿ ದೊಡ್ಡ ಹಿಡುವಳಿದಾರ ಯಾರು? ಸಾಮಾನ್ಯವಾಗಿ ಕ್ಲ್ಯಾಮ್‌ಎವಿ. ಲಕ್ಷಾಂತರ ವೈರಸ್ಸುಗಳ ಗುರುತುಗಳನ್ನೆಲ್ಲ ಅದು ಮೆಮೊರಿಯಲ್ಲೇ ಹರಡಿಕೊಂಡು ಕೂರುತ್ತದೆ. ಅಷ್ಟಕ್ಕೇ 1 ಜಿಬಿ ಬೇಕು. ಗುರುತಿನ ಪಟ್ಟಿ ಹೊಸದಾದಾಗ ಇನ್ನೂ ಮೋಜು. 2020ರಲ್ಲಿ ಬಂದ 0.103ನೇ ಆವೃತ್ತಿಯಿಂದೀಚೆಗೆ, ತಪಾಸಣೆ ಒಂದು ಕ್ಷಣವೂ ನಿಲ್ಲಬಾರದೆಂದು, ಹಳೆಯ ಪಟ್ಟಿ ಕೈಯಲ್ಲಿರುವಾಗಲೇ ಹೊಸದನ್ನೂ ತುಂಬಿಕೊಳ್ಳುತ್ತದೆ. ಆ ಸ್ವಲ್ಪ ಹೊತ್ತು ಅದಕ್ಕೆ ಎರಡು ಪಟ್ಟು ಮೆಮೊರಿ ಬೇಕು. 2 ಜಿಬಿಯ ಯಂತ್ರ ಅಲ್ಲಿಗೆ ಮುಗಿಯಿತು. ‘ದಿನಾ ಹೆಚ್ಚುಕಡಿಮೆ ಇದೇ ಹೊತ್ತಿಗೆ ಕೈಕೊಡುತ್ತೆ ಸಾರ್’ ಎನ್ನುವವರ ಲಾಗಿನಲ್ಲಿ ಕೊಲೆಯ ಗಳಿಗೆಯನ್ನೂ ಪಟ್ಟಿ ಬದಲಾದ ಗಳಿಗೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕ್ಲ್ಯಾಮ್‌ಎವಿಯ ಕೈಪಿಡಿ ಕನಿಷ್ಠ 3 ಜಿಬಿ ಕೇಳುತ್ತದೆ, ಆದರೆ ಕೈಪಿಡಿ ಓದುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಸತ್ತದ್ದು ತಪಾಸಣೆಯವನು, ಪೋಸ್ಟ್‌ಫಿಕ್ಸ್ ಬದುಕಿಯೇ ಇದೆ. ಆದರೆ ತಪಾಸಣೆಯಾಗದ ಪತ್ರವನ್ನು ಅದು ಒಳಗೆ ಬಿಡುವುದಿಲ್ಲ. ಕಳಿಸಿದ ಸರ್ವರಿಗೆ 451 ಎಂಬ ಉತ್ತರ ಕೊಡುತ್ತದೆ. 4ರಿಂದ ಶುರುವಾಗುವ ಉತ್ತರವೆಂದರೆ ‘ಆಮೇಲೆ ಬಾ’, 5ರಿಂದ ಶುರುವಾದರೆ ‘ಬರಲೇಬೇಡ’. ಹಾಗಾಗಿ ಆರ್ಡರ್ ಕಳೆದುಹೋಯಿತೆಂದು ಗಾಬರಿಯಾಗಬೇಕಿಲ್ಲ. ಕಳಿಸಿದ ಕಡೆ ಪತ್ರ ಸಾಲಿನಲ್ಲಿ ಕಾಯುತ್ತಿರುತ್ತದೆ. ಅಲ್ಲಿಯೂ ಪೋಸ್ಟ್‌ಫಿಕ್ಸ್ ಇದ್ದರೆ, ಯಾರೂ ಬದಲಿಸದ ಹೊರತು, 5 ದಿನ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ.

ಕೊಂದ ಮೇಲೆ ಕರ್ನಲ್ ಏನನ್ನೂ ಮುಚ್ಚಿಡುವುದಿಲ್ಲ. ಸತ್ತವನ ಹೆಸರು, ಆಗ ಯಾರ್ಯಾರು ಎಷ್ಟೆಷ್ಟು ಹಿಡಿದಿದ್ದರು ಎಂಬ ಪಟ್ಟಿ, ಎಲ್ಲವನ್ನೂ ಬರೆದಿಡುತ್ತದೆ. ಆ ಪಟ್ಟಿಯ ಅಂಕಿಗಳು ಕಿಲೋಬೈಟ್ ಅಲ್ಲ, ಪುಟಗಳು. ನಮ್ಮ ಸಾಮಾನ್ಯ ಸರ್ವರುಗಳಲ್ಲಿ ಒಂದು ಪುಟಕ್ಕೆ 4 ಕಿಲೋಬೈಟ್. ನಾಲ್ಕರಿಂದ ಗುಣಿಸದೆ ಓದಿದವರಿಗೆ ಕಳ್ಳ ಸಣ್ಣವನಾಗಿ ಕಾಣುತ್ತಾನೆ. ‘ಫ್ರೀ’ ಕಮಾಂಡ್ ತೋರಿಸುವ ಖಾಲಿ ಜಾಗ ಕಡಿಮೆಯೆಂದು ಹೆದರುವುದೂ ಇಂಥದ್ದೇ ತಪ್ಪು. ಸುಮ್ಮನೆ ಬಿದ್ದಿರುವ ಮೆಮೊರಿಯಲ್ಲಿ ಲಿನಕ್ಸ್ ಡಿಸ್ಕಿನ ಫೈಲುಗಳ ನಕಲನ್ನು ಇಟ್ಟುಕೊಂಡಿರುತ್ತದೆ, ಬೇಕೆಂದಾಗ ಬಿಟ್ಟುಕೊಡುತ್ತದೆ. ನೋಡಬೇಕಾದ ಅಂಕಿ ‘ಅವೈಲಬಲ್’ ಎಂಬ ಕಾಲಮಿನದು.

ಎರಡನೆಯ ದೂರುದಾರ ಡವ್‌ಕಾಟ್. ಇದರ ಲಕ್ಷಣವೇ ಬೇರೆ. ಕಾರ್ಖಾನೆಯಲ್ಲಿ ಎಲ್ಲರ ಇಮೇಲೂ ಸರಿಯಿದೆ, ಯಜಮಾನರ ಫೋನಿನಲ್ಲಿ ಮಾತ್ರ ಇನ್‌ಬಾಕ್ಸ್ ತೆರೆಯುವುದಿಲ್ಲ. ಲಾಗಿನಲ್ಲಿ 83ನೇ ನಂಬರಿನ ಎರರ್, ಜೊತೆಗೆ ಅದೇ ‘ಮೆಮೊರಿ ಸಾಲದು’. ಸರ್ವರಿನಲ್ಲಿ ನೋಡಿದರೆ ಮೆಮೊರಿ ಧಾರಾಳವಾಗಿದೆ. ಇಲ್ಲಿ ಸಾಲದಿರುವುದು ರ‍್ಯಾಮ್ ಅಲ್ಲ. ಡವ್‌ಕಾಟ್ ತನ್ನ ಪ್ರತಿ ಪ್ರೋಸೆಸಿಗೂ ತಾನೇ ಹಾಕಿಕೊಂಡ ಮಿತಿ ಅದು, 2.3ನೇ ಸರಣಿಯಲ್ಲಿ 256 ಎಂಬಿ. ಹತ್ತು ವರ್ಷ ಒಂದೂ ಪತ್ರ ಅಳಿಸದವರ ಪೆಟ್ಟಿಗೆಯ ಸೂಚಿ ಫೈಲು ಬೆಳೆದು ಬೆಳೆದು ಆ ಮಿತಿಯನ್ನು ಮೀರುತ್ತದೆ. ಇದಕ್ಕೆ 64 ಜಿಬಿ ತಂದು ಸುರಿದರೂ ಗುಣವಿಲ್ಲ. ಫೋನಿಗೆ ಪತ್ರ ತೋರಿಸುವ ಐಮ್ಯಾಪ್ ಸೇವೆಯ ಮಿತಿಯನ್ನು 512 ಎಂಬಿಗೆ ಏರಿಸಿದರೆ ಒಂದು ನಿಮಿಷದಲ್ಲಿ ಮುಗಿಯುವ ಕೆಲಸ. ಆ ಎರರ್ ಸಾಲೇ ‘ಮಿತಿ ಹೆಚ್ಚಿಸಬೇಕಾದೀತು’ ಎಂದು ಹೇಳುತ್ತದೆ. ಪೂರ್ತಿ ಓದುವ ತಾಳ್ಮೆ ಇರಬೇಕಷ್ಟೆ.

ಫೋಟೊಗಳ ಲೆಕ್ಕ ಇನ್ನೊಂದು. ಇಮೇಲಿನಲ್ಲಿ ಲಗತ್ತುಗಳು ಬೇಸ್64 ಎಂಬ ವೇಷದಲ್ಲಿ ಹೋಗುತ್ತವೆ, ಪ್ರತಿ 3 ಬೈಟಿಗೆ 4 ಅಕ್ಷರ. ಕನ್ನಡದ ಒಂದು ‘ಕ’ ಯುಟಿಎಫ್-8ರಲ್ಲಿ ಸರಿಯಾಗಿ 3 ಬೈಟ್, ಹಾಗಾಗಿ ಈ ವೇಷದಲ್ಲಿ ಅದು ‘4ಎಲ್‌ಕೆವಿ’ ಆಗುತ್ತದೆ. ಪೋಸ್ಟ್‌ಫಿಕ್ಸ್ ಹುಟ್ಟಾ ಒಪ್ಪುವ ಪತ್ರದ ಗಾತ್ರ 1,02,40,000 ಬೈಟ್. ಅಂದರೆ ಏಳು ಎಂಬಿ ದಾಟಿದ ಬೊಂಬೆ ಫೋಟೊಗಳ ಕಟ್ಟಿಗೆ ತಡೆ ಹತ್ತಿರವಾಯಿತು. ಇದು ಮೆಮೊರಿಯ ದೋಷವಲ್ಲ, ಆದರೂ ಅದರ ಲೆಕ್ಕಕ್ಕೇ ಬರೆಯುತ್ತಾರೆ.

ಪೋಸ್ಟ್‌ಫಿಕ್ಸ್ ಬಗ್ಗೆ ಮೆಚ್ಚಿ ಒಂದು ಮಾತು. ವೀಟ್ಸೆ ವೆನೆಮಾ ಐಬಿಎಂನಲ್ಲಿದ್ದಾಗ ಬರೆದು 1998ರಲ್ಲಿ ಹೊರಬಂದ ಈ ಪ್ರೋಗ್ರಾಮಿನ ಕೆಲಸಗಾರರು ನೂರು ಕೆಲಸ ಮುಗಿಸಿದ ಮೇಲೆ ತಾವಾಗಿ ನಿವೃತ್ತರಾಗುತ್ತಾರೆ, ಬೇಕಾದರೆ ಹೊಸಬರು ಬರುತ್ತಾರೆ. ಎಲ್ಲಾದರೂ ಮೆಮೊರಿ ಸೋರುತ್ತಿದ್ದರೆ ಆ ಸೋರಿಕೆಯೂ ನಿವೃತ್ತನ ಜೊತೆಗೇ ಹೋಗುತ್ತದೆ.

ಮೂರನೆಯ ಸಾಧ್ಯತೆ ಚಿಪ್ಪೇ ಕೆಟ್ಟಿರುವುದು. ಆಫೀಸಿನ ಮೂಲೆಯ ಹಳೆಯ ಡೆಸ್ಕ್‌ಟಾಪನ್ನೇ ಸರ್ವರ್ ಮಾಡಿಕೊಂಡವರು ಇದನ್ನು ಮರೆಯಬಾರದು. ಮೆಮೊರಿ ಬೇಕಾದಷ್ಟಿದ್ದೂ ಇವತ್ತು ಒಂದು ಪ್ರೋಗ್ರಾಂ, ನಾಳೆ ಇನ್ನೊಂದು, ಕಾರಣವಿಲ್ಲದೆ 11ನೇ ಸಿಗ್ನಲ್ಲಿಗೆ ಬೀಳುತ್ತಿದ್ದರೆ ಅನುಮಾನ ಅತ್ತ ತಿರುಗಬೇಕು. ಗೂಗಲ್ ತನ್ನ ಸರ್ವರುಗಳನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಷಕ್ಕೆ ಶೇ 8ರಷ್ಟು ಮೆಮೊರಿ ಪಟ್ಟಿಗಳು ತಪ್ಪು ಮಾಡಿದ್ದವು. ಅವುಗಳಲ್ಲಿ ತಪ್ಪು ತಿದ್ದುವ ಇಸಿಸಿ ವ್ಯವಸ್ಥೆ ಇತ್ತು, ಸಾಮಾನ್ಯ ಡೆಸ್ಕ್‌ಟಾಪಿನಲ್ಲಿ ಇರುವುದಿಲ್ಲ. ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್ ಓಡಿಸಿ ಬೆಳಿಗ್ಗೆ ಒಂದು ಕೆಂಪು ಸಾಲು ಕಂಡರೂ ಆ ಮೆಮೊರಿ ಪಟ್ಟಿಯನ್ನು ಬಿಸಾಡಿ.

ಬೊಂಬೆ ಕಾರ್ಖಾನೆಯವರು ಕೇಳಿದರೆ ನನ್ನ ಸಲಹೆ ಹೀಗೆ. ವೈರಸ್ ಗುರುತಿನ ಪಟ್ಟಿ ಬದಲಾಗುವಾಗ ಹಳೆಯದು, ಹೊಸದು ಎರಡನ್ನೂ ಇಟ್ಟುಕೊಳ್ಳಬೇಡ ಎಂದು ಕ್ಲ್ಯಾಮ್‌ಎವಿಗೆ ಹೇಳುವ ಒಂದು ಸೆಟ್ಟಿಂಗ್ ಇದೆ. ಹಾಗೆ ಮಾಡಿದರೆ ಪಟ್ಟಿ ತುಂಬುವಷ್ಟು ಹೊತ್ತು ಪತ್ರಗಳು ಕಾಯುತ್ತವೆ, ಸಣ್ಣ ವ್ಯಾಪಾರಕ್ಕೆ ಅದರಿಂದ ನಷ್ಟವಿಲ್ಲ. ಮೆಮೊರಿ ತುಂಬಿದಾಗ ಇಳಿಸಿಡಲು ಡಿಸ್ಕಿನಲ್ಲಿ 2 ಜಿಬಿ ಸ್ವ್ಯಾಪ್ ಇರಲಿ, ನಿಧಾನವಾದರೂ ಯಾರಾದರೂ ಸಾಯುವ ಸಂಭವ ಕಡಿಮೆ. ಇಷ್ಟಾಗಿಯೂ ತೊಂದರೆ ಕೊಟ್ಟರೆ ಆಗ 4 ಜಿಬಿಗೆ ಹೋಗಿ.

ಇವೆಲ್ಲಕ್ಕೂ ಮುಂಚೆ ಒಂದು ಕೆಲಸ ಬಾಕಿ. ಕರ್ನಲ್ ಬರೆಯುವ ಸಾಕ್ಷ್ಯ ಮೊದಲು ಇರುವುದು ಮೆಮೊರಿಯಲ್ಲೇ. ಕೆಲವು ಸರ್ವರುಗಳಲ್ಲಿ ಅದು ಡಿಸ್ಕಿಗೆ ಇಳಿಯುವುದೇ ಇಲ್ಲ, ರೀಸ್ಟಾರ್ಟ್ ಮಾಡಿದ ಕೂಡಲೇ ಅಳಿಸಿಹೋಗುತ್ತದೆ. ಲಾಗುಗಳ ಜಾಗದಲ್ಲಿ ‘ಜರ್ನಲ್’ ಎಂಬ ಫೋಲ್ಡರ್ ಇದೆಯೇ ನೋಡಿ, ಇಲ್ಲದಿದ್ದರೆ ಇವತ್ತೇ ಮಾಡಿ ಜರ್ನಲ್ ಸೇವೆಯನ್ನು ಮತ್ತೆ ಶುರು ಮಾಡಿ. ಮುಂದಿನ ಸಲ ಯಾರಾದರೂ ಅವಸರದಲ್ಲಿ ರೀಸ್ಟಾರ್ಟ್ ಒತ್ತಿದರೂ ಹಿಂದಿನ ಬೂಟಿನ ಕರ್ನಲ್ ಸಾಲುಗಳು ಓದಲು ಸಿಗುತ್ತವೆ.