ಹಳೆಯ ಮಾನಿಟರ್ ಎಲ್ಲಿಗೆ ಹೋಯಿತು?

ಕೆಟ್ಟ ಮಾನಿಟರನ್ನು ಮರುಬಳಕೆ ಕೇಂದ್ರಕ್ಕೆ ಕೊಟ್ಟು ರಸೀದಿ ಪಡೆದರೆ ನಮ್ಮ ಹೊಣೆ ಮುಗಿಯಿತೆಂದು ನಂಬುತ್ತೇವೆ. ಈ ನಂಬಿಕೆ ಎಷ್ಟು ಗಟ್ಟಿ ಎಂಬುದನ್ನು ಅಮೆರಿಕದ ಸಿಯಾಟಲ್‌ನ ಬಾಸೆಲ್ ಆ್ಯಕ್ಷನ್ ನೆಟ್‌ವರ್ಕ್ ಸಂಸ್ಥೆ ಪರೀಕ್ಷಿಸಿತು. ಎಂಐಟಿಯ ಜೊತೆಗೂಡಿ ಸುಮಾರು 200 ಕೆಟ್ಟ ಉಪಕರಣಗಳಲ್ಲಿ ಜಿಪಿಎಸ್ ಟ್ರ್ಯಾಕರ್ ಅಡಗಿಸಿ ಬೇರೆಬೇರೆ ಕೇಂದ್ರಗಳಿಗೆ ಒಪ್ಪಿಸಿತು. 2016ರಲ್ಲಿ ಬಂದ ವರದಿಯಂತೆ ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ಹಡಗು ಹತ್ತಿ ವಿದೇಶ ಸೇರಿತ್ತು; ಅನೇಕವು ಹಾಂಕಾಂಗ್‌ನ ಗುಜರಿ ಅಂಗಳಗಳಲ್ಲಿದ್ದವು. ತನಿಖೆಗಾರರು ಅಲ್ಲಿಗೇ ಹೋಗಿ ನೋಡಿದರು. ಪಾದರಸದ ದೀಪಗಳಿರುವ ಎಲ್‌ಸಿಡಿ ಪರದೆಗಳನ್ನು ಕಾರ್ಮಿಕರು ಯಾವ ರಕ್ಷಣೆಯೂ ಇಲ್ಲದೆ ಒಡೆಯುತ್ತಿದ್ದರು. ತ್ಯಾಜ್ಯವನ್ನು ಹೊರದೇಶಕ್ಕೆ ಕಳಿಸುವುದಿಲ್ಲವೆಂದು ಗ್ರಾಹಕರಿಗೆ ಮಾತು ಕೊಟ್ಟಿದ್ದ ಟೋಟಲ್ ರಿಕ್ಲೇಮ್ ಕಂಪನಿಯ ಇಬ್ಬರು ಮಾಲೀಕರಿಗೆ 2019ರಲ್ಲಿ ತಲಾ 28 ತಿಂಗಳ ಜೈಲು ಶಿಕ್ಷೆಯಾಯಿತು. ಸುಳ್ಳು ದಾಖಲೆಗಳು ಮುಚ್ಚಿಟ್ಟಿದ್ದನ್ನು ಟ್ರ್ಯಾಕರ್ ಬಯಲು ಮಾಡಿತು.

ಆದರೆ ಇದೇ ಸಾಧನ ದುರಸ್ತಿಯಾಗಬಲ್ಲ ಲ್ಯಾಪ್‌ಟಾಪ್‌ನೊಳಗಿದ್ದರೆ? ಅದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ವಿದ್ಯಾರ್ಥಿಯ ಮನೆ, ಕಾಲೇಜು, ಓಡಾಟವೆಲ್ಲ ಯಾರದೋ ನಕ್ಷೆಯಲ್ಲಿ ಮೂಡುತ್ತದೆ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. ಹಳೆಯ ವಸ್ತು ಕೊಳ್ಳುವವರಿಗೂ ಆ ಹಕ್ಕಿದೆ. ಈ ಆಕ್ಷೇಪವನ್ನು ತಳ್ಳಿಹಾಕಲಾಗದು, ಪರಿಹರಿಸಬಹುದು. ರಿಪೇರಿ ಮಾಡಿದರೂ ಅಸಲು ಗಿಟ್ಟದಂತೆ ಕೆಡಿಸಿದ ಉಪಕರಣಗಳಿಗೆ ಮಾತ್ರ ಟ್ರ್ಯಾಕರ್ ಇಡಬೇಕು. ಅಕಸ್ಮಾತ್ ಅದು ವಸತಿ ಪ್ರದೇಶದಲ್ಲಿ ನಿಂತರೆ ನಿಗಾ ಕೈಬಿಟ್ಟು ಮಾಹಿತಿಯನ್ನು ಅಳಿಸಬೇಕು.

ಹಾಗಿದ್ದರೆ ಪ್ರತಿ ಉಪಕರಣಕ್ಕೂ ಅಗ್ಗದ ಏರ್‌ಟ್ಯಾಗ್ ಅಂಟಿಸಬಾರದೇಕೆ ಎನ್ನುವವರಿದ್ದಾರೆ. ಏರ್‌ಟ್ಯಾಗ್‌ಗೆ ಸ್ವಂತ ಜಿಪಿಎಸ್ ಇಲ್ಲ; ಹತ್ತಿರ ಹಾದುಹೋಗುವ ಐಫೋನ್‌ನಂತಹ ಆ್ಯಪಲ್ ಸಾಧನಗಳಿಂದಷ್ಟೇ ಅದರ ಜಾಗ ತಿಳಿಯುತ್ತದೆ. ಹಿಂಬಾಲಿಸುವವರಿಂದ ಜನರನ್ನು ಕಾಪಾಡಲೆಂದು ಅಪರಿಚಿತ ಟ್ಯಾಗ್ ಜೊತೆಗಿದ್ದರೆ ಫೋನ್ ಎಚ್ಚರಿಸುತ್ತದೆ. ಆ ಎಚ್ಚರಿಕೆ ಇರಲೇಬೇಕು, ಆದರೆ ಗುಟ್ಟಿನ ತಪಾಸಣೆ ಅಲ್ಲಿಗೇ ಕೆಡುತ್ತದೆ. ಜಿಪಿಎಸ್ ಟ್ರ್ಯಾಕರ್ ಕೂಡ ಕಬ್ಬಿಣದ ಕಂಟೇನರ್ ಒಳಗೆ ಮೌನವಾಗುತ್ತದೆ. ಅದರ ಲಿಥಿಯಂ ಬ್ಯಾಟರಿ ಪುಡಿಮಾಡುವ ಯಂತ್ರಕ್ಕೆ ಸಿಕ್ಕರೆ ಬೆಂಕಿಯ ಅಪಾಯವೂ ಉಂಟು. ಮಿಗಿಲಾಗಿ, ನಕ್ಷೆಯ ಚುಕ್ಕಿ ವಸ್ತು ಎಲ್ಲಿದೆ ಎಂದಷ್ಟೇ ಹೇಳುತ್ತದೆ, ಅಲ್ಲಿ ಅದಕ್ಕೇನಾಯಿತು ಎಂದು ಹೇಳುವುದಿಲ್ಲ. ಆದ್ದರಿಂದ ಟ್ರ್ಯಾಕರ್ ಆಯ್ದ ಮಾದರಿಗಳ ತಪಾಸಣೆಗೆ ತಕ್ಕ ಸಾಧನ, ಅದೂ ಸ್ಥಳ ಪರಿಶೀಲನೆಯ ಜೊತೆಗೆ.

2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಮ್ಮ ಇ-ತ್ಯಾಜ್ಯ ನಿಯಮಗಳು ಮರುಬಳಕೆದಾರರ ಪ್ರಮಾಣಪತ್ರಗಳನ್ನೇ ಬಹುವಾಗಿ ನೆಚ್ಚಿಕೊಂಡಿವೆ. ಸರ್ಕಾರಿ ಕಚೇರಿಗಳಿಂದ ಹೊರಬೀಳುವ ಕೆಟ್ಟ ಮಾನಿಟರ್‌ಗಳಲ್ಲಿ ಕೆಲವಕ್ಕಾದರೂ ಮಾಲಿನ್ಯ ನಿಯಂತ್ರಣ ಮಂಡಳಿಯೇ ಟ್ರ್ಯಾಕರ್ ಇಟ್ಟು ಆ ಪತ್ರಗಳನ್ನು ಪರೀಕ್ಷಿಸಲಿ. ತಪ್ಪು ಕಂಡರೆ ಕ್ರಮ ಪರವಾನಗಿ ಪಡೆದ ಕಂಪನಿಯ ಮೇಲಾಗಲಿ, ಗುಜರಿ ಆಯುವ ಕೂಲಿಯವರ ಮೇಲಲ್ಲ.