ಜಾಲಯಂತ್ರದ ಜ್ವರ

ಕಲಬುರಗಿ ಜಿಲ್ಲೆಯ ಅಂದೋಲಾದಂತಹ ಊರುಗಳಲ್ಲಿ ವೈಶಾಖದ ಮಧ್ಯಾಹ್ನ ನೆರಳಿನಲ್ಲಿಯೂ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುವುದು ಅಪರೂಪವಲ್ಲ. ಕಂಪ್ಯೂಟರುಗಳನ್ನು ಜಾಲವಾಗಿ ಹೆಣೆಯುವ ಸಿಸ್ಕೋ ಕ್ಯಾಟಲಿಸ್ಟ್ 6500 ಶ್ರೇಣಿಯ ಸ್ವಿಚ್ಚುಗಳಿಗೆ ತಯಾರಕರು ವಿಧಿಸಿರುವ ಮೇಲ್ಮಿತಿಯೂ 40 ಡಿಗ್ರಿಯೇ! ಅಂತಹ ಯಂತ್ರವನ್ನು ಇಲ್ಲಿನ ತಂಪಿಲ್ಲದ ಕೋಣೆಯಲ್ಲಿಟ್ಟರೆ ಏನಾದೀತು?

ಯಂತ್ರವು ಹೀರಿದ ವಿದ್ಯುಚ್ಛಕ್ತಿಯು ಹೆಚ್ಚುಕಡಿಮೆ ಎಲ್ಲವೂ ಶಾಖವಾಗಿ ಮಾರ್ಪಡುತ್ತದೆ. 1,000 ವಾಟ್ ಶಾಖವನ್ನು ಹೊತ್ತೊಯ್ಯುವ ಗಾಳಿಯು 10 ಡಿಗ್ರಿಯಷ್ಟೇ ಬಿಸಿಯೇರಬೇಕಾದರೆ ಸೆಕೆಂಡಿಗೆ ಸುಮಾರು 90 ಲೀಟರ್ ಗಾಳಿ ಹರಿಯಬೇಕು. ಒಳಹೋಗುವ ಗಾಳಿಯೇ 42 ಡಿಗ್ರಿಯಿದ್ದರೆ ಹೊರಬರುವುದು 52!

ಈ ಜ್ವರವನ್ನು ದೂರದಿಂದಲೇ ಅಳೆಯಬಹುದು. ಕೀಲಿಮಣೆಯಲ್ಲಿ ‘ಶೋ ಎನ್ವಿರಾನ್‌ಮೆಂಟ್’ ಎಂದು ಆಜ್ಞೆಯಿತ್ತರೆ ಒಳಗಿನ ಉಷ್ಣತೆಯೂ ಫ್ಯಾನುಗಳ ಸ್ಥಿತಿಯೂ ತೆರೆಯ ಮೇಲೆ ಮೂಡುವುವು. ‘ಶೋ ಪವರ್’ ಎಂದರೆ ವಿದ್ಯುತ್ತಿನ ಲೆಕ್ಕ. ಎರಡು ಪವರ್ ಸಪ್ಲೈಗಳನ್ನು ‘ರಿಡಂಡೆಂಟ್’ ವಿಧದಲ್ಲಿರಿಸಿದರೆ ಒಂದು ಕೆಟ್ಟಾಗ ಇನ್ನೊಂದು ಪೂರ್ತಿ ಹೊರೆಯನ್ನು ಹೊರುತ್ತದೆ. ‘ಕಂಬೈನ್ಡ್’ ವಿಧದಲ್ಲಿ ಎರಡರ ಬಲವೂ ಕೂಡುತ್ತದೆ, ನಿಜ. ಆದರೆ ಒಂದು ಕೈಕೊಟ್ಟೊಡನೆ ಕೆಲವು ಭಾಗಗಳು ಆರಿಹೋಗಬಹುದು. ಕರೆಂಟು ಹೇಳದೆಯೇ ಹೋಗುವ ನಮ್ಮ ಕಡೆ ಮೊದಲನೆಯದೇ ಲೇಸು.

ಯಾವ ಆಜ್ಞೆಯೂ ಕೋಣೆಯ ಗಾಳಿಯನ್ನು ತಂಪಾಗಿಸದು. ಏರ್ ಕಂಡೀಷನರ್ ನಿಂತಾಗ ಒಂದು ಉಪಾಯವುಂಟು: ‘ನೋ ಪವರ್ ಎನೇಬಲ್ ಮಾಡ್ಯೂಲ್ 4’ ಎಂದು ಬರೆದು 4ನೆಯ ಕಾರ್ಡಿನ ವಿದ್ಯುತ್ತನ್ನೇ ಕಡಿಯುವುದು. ಆ ಕಾರ್ಡನ್ನು ಆಶ್ರಯಿಸಿದ ಕಂಪ್ಯೂಟರುಗಳು ಜಾಲದಿಂದ ಕಳಚಿಕೊಳ್ಳುತ್ತವೆ. ಉಳಿದವುಗಳ ಪಾಲಿಗೆ ಅಷ್ಟು ಶಾಖ ಕಡಿಮೆಯಾಗುತ್ತದೆ.