ಕೊಂದ ಕೈ, ಉಣ್ಣುವ ಕೈ

ಅಪರಾಧ ಕಥನದ ಸಿನಿಮಾ ನೋಡಿ ಬಂದವರನ್ನು ರಾತ್ರಿಯೆಲ್ಲ ಕಾಡುವುದು ಎಷ್ಟೋ ಸಲ ಕೊಲೆಯ ದೃಶ್ಯವಲ್ಲ. ಅದರ ಬೆನ್ನಿಗೇ ಬರುವ ಊಟದ ದೃಶ್ಯ. ಮಾರ್ಟಿನ್ ಸ್ಕಾರ್ಸೆಸೆ ಅವರ ‘ಗುಡ್‌ಫೆಲಾಸ್’ (1990) ಚಿತ್ರದಲ್ಲಿ ಮೂವರು ಪಾತಕಿಗಳು ಒಬ್ಬನನ್ನು ಬಡಿದು ಕಾರಿನ ಡಿಕ್ಕಿಗೆ ತುಂಬುತ್ತಾರೆ. ಹೂಳಲು ಗುದ್ದಲಿ ಬೇಕು. ನಡುರಾತ್ರಿ ತಮ್ಮಲ್ಲೊಬ್ಬನ ತಾಯಿಯ ಮನೆಗೆ ಬರುತ್ತಾರೆ. ಎಚ್ಚರಗೊಂಡ ತಾಯಿ, ಹುಡುಗರು ಹಸಿದಿರಬೇಕೆಂದು ಅಕ್ಕರೆಯಿಂದ ಬಡಿಸುತ್ತಾಳೆ. ಆ ಪಾತ್ರ ವಹಿಸಿದವರು ನಿರ್ದೇಶಕರ ಹೆತ್ತ ತಾಯಿಯೇ. ಒಳಗೆ ನಗು, ಮಾತು, ಊಟ. ಹೊರಗೆ ಡಿಕ್ಕಿಯಲ್ಲಿರುವವನ ಜೀವ ಇನ್ನೂ ಪೂರ್ತಿ ಹೋಗಿಲ್ಲ. ಆ ಮೇಜಿನ ಸುತ್ತ ನಾವೂ ಕುಳಿತುಬಿಟ್ಟಿದ್ದೇವೆ ಎಂಬ ಅರಿವು ಮೂಡಿದಾಗ ಹುಟ್ಟುವ ಕಸಿವಿಸಿಯನ್ನು ಯಾವ ರಕ್ತಪಾತವೂ ಹುಟ್ಟಿಸಲಾರದು.

ಕೊಲೆಗಾರನೊಬ್ಬ ನಮಗಿಂತ ಬೇರೆಯೇ ಜಾತಿಯ ಪ್ರಾಣಿ ಎಂದು ನಂಬಿಕೊಳ್ಳುವುದು ನೆಮ್ಮದಿಯ ಸಂಗತಿ. ಊಟ ಆ ನೆಮ್ಮದಿಯನ್ನು ಕಸಿದುಕೊಳ್ಳುತ್ತದೆ. ಅವನಿಗೂ ಹಸಿವಾಗುತ್ತದೆ, ತಾಯಿಯ ಕೈರುಚಿ ಅವನಿಗೂ ಪ್ರಿಯ. ಹಿಚ್‌ಕಾಕ್‌ನ ‘ರೋಪ್’ (1948) ಇದನ್ನೇ ಇನ್ನಷ್ಟು ಬಿಗಿಯಾಗಿ ತೋರಿಸಿತು. ಇಬ್ಬರು ಯುವಕರು ಗೆಳೆಯನ ಕುತ್ತಿಗೆ ಬಿಗಿದು ಕೊಂದು, ಶವವನ್ನು ಪೆಟ್ಟಿಗೆಯಲ್ಲಿಟ್ಟು, ಅದರ ಮೇಲೆಯೇ ಔತಣದ ತಿನಿಸುಗಳನ್ನು ಜೋಡಿಸುತ್ತಾರೆ. ಅತಿಥಿಗಳಲ್ಲಿ ಸತ್ತವನ ತಂದೆಯೂ ಇದ್ದಾನೆ. ಕೊರಿಯಾದ ಬಾಂಗ್ ಜೂನ್‌-ಹೋ ಅವರ ‘ಮೆಮೊರೀಸ್ ಆಫ್ ಮರ್ಡರ್’ (2003) ಚಿತ್ರದಲ್ಲಿ ಪೊಲೀಸರು ಶಂಕಿತನೊಬ್ಬನನ್ನು ಹಿಂಸಿಸಿ, ಬಳಿಕ ಅವನೊಂದಿಗೇ ಕುಳಿತು ನೂಡಲ್ಸ್ ತಿನ್ನುತ್ತ ಟಿ.ವಿ.ಯಲ್ಲಿ ಪತ್ತೇದಾರಿ ಧಾರಾವಾಹಿ ನೋಡುತ್ತಾರೆ. ಹೊಡೆದ ಕೈಯೇ ಉಣ್ಣುವ ಕೈ. ಕ್ರೌರ್ಯ ದಿನಚರಿಯ ಭಾಗವಾಗುವುದು ಹೀಗೆ.

ಇದನ್ನು ಪಶ್ಚಿಮದ ಅಥವಾ ಪೂರ್ವದ ಸಿನಿಮಾಗಳಿಂದ ನಾವು ಕಲಿಯಬೇಕಾಗಿರಲಿಲ್ಲ. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಗೆ ಈ ವಸ್ತು ಎಂಟುನೂರು ವರ್ಷಗಳಷ್ಟು ಹಳೆಯದು. ಹೊಯ್ಸಳರ ದ್ವಾರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನ ಸುಮಾರು 1209ರಲ್ಲಿ ಬರೆದ ‘ಯಶೋಧರ ಚರಿತೆ’ ಮೊದಲಿನಿಂದ ಕೊನೆಯವರೆಗೆ ಕೊಲೆ ಮತ್ತು ಊಟಗಳ ಕಥೆ. ಪ್ರಾಣಿಬಲಿ ಕೊಡಬೇಕೆಂದು ತಾಯಿ ಹಟ ಹಿಡಿದಾಗ ಅಹಿಂಸೆಯಲ್ಲಿ ನಂಬಿಕೆಯುಳ್ಳ ಅರಸ ಯಶೋಧರ ಹಿಟ್ಟಿನ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕಡಿದಾಗ ಹಿಟ್ಟಿನ ಕೋಳಿ ಕೂಗುತ್ತದೆ. ಅರಸನ ಎದೆ ನಡುಗುತ್ತದೆ. ಮುಂದೆ ಪತ್ನಿ ಅಮೃತಮತಿ ಅವನನ್ನೂ ಅತ್ತೆಯನ್ನೂ ಊಟಕ್ಕೆ ಕರೆದು ವಿಷವಿಕ್ಕುತ್ತಾಳೆ. ಹೆಸರಿನಲ್ಲಿ ಅಮೃತ, ಕೈಯಲ್ಲಿ ವಿಷ. ಅಲ್ಲಿಗೂ ಮುಗಿಯುವುದಿಲ್ಲ. ಪ್ರಾಣಿಯಾಗಿ ಮರುಹುಟ್ಟು ಪಡೆದ ಅರಸ, ಮಗ ನಡೆಸುವ ತನ್ನದೇ ಶ್ರಾದ್ಧಕ್ಕೆ ಅಡುಗೆಯಾಗುತ್ತಾನೆ. ತಂದೆಯ ಹೆಸರಿನಲ್ಲಿ ತಂದೆಯನ್ನೇ ಬಡಿಸುವ ಈ ಊಟಕ್ಕಿಂತ ಘೋರವಾದುದನ್ನು ಯಾವ ಚಿತ್ರಕಥೆಗಾರ ತಾನೆ ಕಲ್ಪಿಸಿಯಾನು? ಗಿರೀಶ ಕಾರ್ನಾಡರು ಇದೇ ಕಥೆಯನ್ನು ‘ಹಿಟ್ಟಿನ ಹುಂಜ’ (1980) ನಾಟಕವಾಗಿಸಿದ್ದು ಆಕಸ್ಮಿಕವಲ್ಲ.

ಜನ್ನನ ಕಥೆ ಇಂದಿಗೂ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ಕೋಳಿ ಹಿಟ್ಟಿನದು, ರಕ್ತವಿಲ್ಲ, ಮಾಂಸವಿಲ್ಲ. ಆದರೂ ಅದು ಹಿಂಸೆಯೇ, ಏಕೆಂದರೆ ಕೊಲ್ಲುವ ಸಂಕಲ್ಪ ಅಲ್ಲಿತ್ತು. ಜೈನ ಕವಿ ಪ್ರಾಣಿವಧೆಯನ್ನು ಒಪ್ಪುವವನಲ್ಲ, ನಿಜ. ಆದರೆ ಪಾಪವನ್ನು ಅವನು ಹುಡುಕಿದ್ದು ತಟ್ಟೆಯಲ್ಲಿ ಏನಿದೆ ಎಂಬಲ್ಲಿ ಅಲ್ಲ, ಮನಸ್ಸಿನಲ್ಲಿ ಏನಿದೆ ಎಂಬಲ್ಲಿ.

ನಮ್ಮ ಜನಪ್ರಿಯ ಸಿನಿಮಾ ಸೋತಿರುವುದು ಇಲ್ಲಿಯೇ. ಖಳನನ್ನು ಪರಿಚಯಿಸಲು ಕೋಳಿಯ ಕಾಲನ್ನು ಹಲ್ಲಿನಿಂದ ಕೀಳುವ ಬಾಯಿ, ಪಕ್ಕದಲ್ಲಿ ಮದ್ಯದ ಲೋಟ: ಭಾರತೀಯ ಭಾಷೆಗಳ ಸಿನಿಮಾಗಳಲ್ಲಿ ದಶಕಗಳಿಂದ ಸವೆದುಹೋದ ಸಿದ್ಧಸೂತ್ರವಿದು. ಕನ್ನಡ ನಾಡಿನ ಬಹುಪಾಲು ಮನೆಗಳ ಅಡುಗೆಯಲ್ಲಿ ಮಾಂಸಕ್ಕೆ ಸ್ಥಾನವಿದೆ. ಆ ಮನೆಯ ಮಕ್ಕಳು ತಮ್ಮ ಹಬ್ಬದೂಟವನ್ನು ಪರದೆಯ ಮೇಲೆ ಕ್ರೌರ್ಯದ ಗುರುತಾಗಿ ನೋಡಬೇಕಾಗಿ ಬಂದಿದೆ. ಇದು ಅಲಂಕಾರದ ಪ್ರಶ್ನೆಯಲ್ಲ, ಜಾತಿಯ ಪ್ರಶ್ನೆ. ಒಂದು ಸಮುದಾಯದ ಆಹಾರವನ್ನು ಅಸಹ್ಯದ ಸಂಕೇತವಾಗಿಸಿದರೆ, ಆ ಸಮುದಾಯವನ್ನು ಅನುಮಾನಿಸುವುದೂ ಸುಲಭವಾಗುತ್ತದೆ. ‘ಗುಡ್‌ಫೆಲಾಸ್’ನ ತಾಯಿಯ ಅಡುಗೆಯಲ್ಲಿ ಅಸಹ್ಯವೆನ್ನುವಂಥದ್ದು ಏನೂ ಇಲ್ಲ. ದೃಶ್ಯ ಭಯಾನಕವಾಗಿರುವುದು ಅದಕ್ಕಾಗಿಯೇ. ಒಳ್ಳೆಯ ನಿರ್ದೇಶಕ ತಟ್ಟೆಯನ್ನು ದೂಷಿಸುವುದಿಲ್ಲ. ಅದೇ ಹೊತ್ತಿನಲ್ಲಿ ಹೊರಗೆ ನರಳುತ್ತಿರುವವನನ್ನು ನೆನಪಿಸುತ್ತಾನೆ.

ಊಟಕ್ಕೂ ನೀತಿಗೂ ಇರುವ ನಂಟು ನಮ್ಮ ಮಾತಿನಲ್ಲೇ ಹಾಸುಹೊಕ್ಕಾಗಿದೆ. ಲಂಚವನ್ನು ನಾವು ‘ತಿನ್ನುತ್ತೇವೆ’, ಏಟನ್ನೂ ‘ತಿನ್ನುತ್ತೇವೆ’. ಉಪಕಾರ ಮರೆತವನು ಉಂಡ ಮನೆಯ ಜಂತೆ ಎಣಿಸಿದವನು. ತಪ್ಪಿತಸ್ಥನ ಕುರಿತು, ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತೇವೆ. ಕರ್ಮಫಲವೂ ಉಣ್ಣುವಂಥದ್ದೇ. ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಎಂ.ಎಸ್. ಪುಟ್ಟಣ್ಣನವರು 1915ರಲ್ಲಿ ತಮ್ಮ ಕಾದಂಬರಿಗೆ ಹೆಸರಾಗಿಟ್ಟರು.

ಆಚರಣೆಯಲ್ಲಿಯೂ ಈ ನಂಟು ಉಳಿದಿದೆ. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯಂಥ ಹಳ್ಳಿಯಿರಲಿ, ನಾಡಿನ ಇನ್ನಾವುದೇ ಹಳ್ಳಿಯಿರಲಿ, ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ ಎಂಬುದು ಹಿರಿಯರು ಪಾಲಿಸಿಕೊಂಡು ಬಂದ ಕಟ್ಟಳೆ. ಮುದ್ದೆ, ಸಾರು ನೆರೆಮನೆಯಿಂದ ಬರುತ್ತದೆ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ 1970ರಲ್ಲಿ ತೆರೆಕಂಡ ‘ಸಂಸ್ಕಾರ’ ಚಿತ್ರದ ಬಿಕ್ಕಟ್ಟು ನಿಂತಿರುವುದೂ ಇದೇ ಬಗೆಯ ಕಟ್ಟಳೆಯ ಮೇಲೆ. ನಾರಣಪ್ಪನ ಶವ ಎತ್ತುವ ತನಕ ಅಗ್ರಹಾರದಲ್ಲಿ ಊಟವಿಲ್ಲ. ಹಸಿವು ಅಲ್ಲಿನವರ ಧರ್ಮವನ್ನೆಲ್ಲ ಬಯಲಿಗೆಳೆಯುತ್ತದೆ. ಅನಂತಮೂರ್ತಿಯವರು ಈ ಕಟ್ಟಳೆಯ ಟೊಳ್ಳುತನವನ್ನು ತೋರಿಸಿದರು ಎಂಬುದು ದಿಟ. ಆದರೂ ಅದರ ತಳದಲ್ಲೊಂದು ವಿವೇಕವಿದೆ: ಒಂದು ಜೀವ ಹೋದಾಗ ಲೋಕ ಎಂದಿನಂತೆ ಉಣ್ಣಬಾರದು, ಸ್ವಲ್ಪ ಹೊತ್ತಾದರೂ ನಿಲ್ಲಬೇಕು. ಅಪರಾಧ ಚಿತ್ರಗಳ ಊಟ ನಮ್ಮನ್ನು ಕಂಗೆಡಿಸುವುದು ಈ ನಿಲುಗಡೆಯನ್ನು ಅದು ಮುರಿಯುವುದರಿಂದ. ಅಲ್ಲಿ ಯಾರೂ ಒಲೆ ಆರಿಸಿಲ್ಲ.

ಹಾಗಾದರೆ ಪರದೆಯ ಈಚೆಗೆ ಕುಳಿತ ನಾವು? ಸುದ್ದಿವಾಹಿನಿಯೊಂದು ಕೊಲೆಯನ್ನು ಹಿನ್ನೆಲೆ ಸಂಗೀತದೊಡನೆ ಮತ್ತೆ ಮತ್ತೆ ತೋರಿಸುತ್ತಿರುವಾಗ ಅನ್ನಕ್ಕೆ ಸಾರು ಕಲೆಸುತ್ತೇವೆ. ಮಲ್ಟಿಪ್ಲೆಕ್ಸಿನ ಕತ್ತಲಲ್ಲಿ ಕೈ ಪಾಪ್‌ಕಾರ್ನ್ ಪೊಟ್ಟಣಕ್ಕೆ ತಾನಾಗಿ ಹೋಗುತ್ತದೆ. ಕೊಲೆಗಾರ ನಿರಾತಂಕವಾಗಿ ಉಣ್ಣುವುದನ್ನು ಕಂಡು ಬೆಚ್ಚುವ ನಾವು, ಕೊಲೆಯನ್ನು ನೋಡುತ್ತಲೇ ನಿರಾತಂಕವಾಗಿ ಉಣ್ಣುವುದನ್ನು ಯಾವಾಗ ರೂಢಿಸಿಕೊಂಡೆವೋ ಹೇಳುವುದು ಕಷ್ಟ. ಸಾವಾದ ಮನೆಗೆ ಮುದ್ದೆ, ಸಾರು ಹೊತ್ತು ತರುವ ನೆರೆಯವರಿಗೆ ಆ ಮನೆಯ ಆರಿದ ಒಲೆ ಕಾಣುತ್ತದೆ. ಒಳ್ಳೆಯ ಸಿನಿಮಾ ನಮ್ಮಲ್ಲಿ ಬೇಡುವುದು ಅಂಥ ಕಣ್ಣನ್ನು. ಹಿಟ್ಟಿನ ಕೋಳಿಯ ಕೂಗಿಗೆ ಅರಸನೊಬ್ಬನ ಕೈ ನಡುಗಿತ್ತು. ನಮ್ಮ ತುತ್ತು ಒಂದು ಗಳಿಗೆಯಾದರೂ ತಡೆಯಬೇಡವೇ?